ಗ್ರೀಷ್ಮತಾಪ ಮತ್ತು ಜಲಾಭಿಮುಖ ಪಲಾಯನ: ಒಂದು ತಾತ್ವಿಕ ಅನುಸಂಧಾನ

1. ಪ್ರಸ್ತಾವನೆ

ಏಪ್ರಿಲ್–ಮೇ ತಿಂಗಳುಗಳಲ್ಲಿ ಘಟ್ಟದ ಮೇಲಿನ ಮಧ್ಯಮವರ್ಗದ ಪ್ರಜ್ಞೆಯೊಳಗೆ ಸಂಭವಿಸುವ ಕಡಲಾಭಿಮುಖ ಸ್ಥಿತ್ಯಂತರವನ್ನು ಒಂದು ಸಾಂಸ್ಕೃತಿಕ ಪಠ್ಯವಾಗಿ ಓದುವುದು, ಆ ಓದನ್ನು ಮರು-ಓದುವುದು, ಸಮಯ ಉಳಿದರೆ ಮುರಿದು ಕಟ್ಟುವುದು ಪ್ರಸ್ತುತ ಪ್ರಬಂಧದ ಆಶಯ. ಲೋಕರೂಢಿಯಲ್ಲಿ ಇದಕ್ಕೆ 'ಶನಿವಾರ ಭಾನುವಾರ ಗೋಕರ್ಣಕ್ಕೆ ಹೋಗಿಬರೋಣ' ಎನ್ನುತ್ತಾರೆ. ಆದರೆ ಲೋಕರೂಢಿಗೆ ಪಿಎಚ್.ಡಿ. ಕೊಡುವುದಿಲ್ಲ.

ಈ ಕುರಿತು ಹಿಂದೆ ನಡೆದ ಅಧ್ಯಯನಗಳೆಲ್ಲ ಮಹತ್ವದವಾದರೂ ಅಪೂರ್ಣ. ಅವು ಯಾವುವೆಂದು ನೋಡಲು ಹೋಗಿಲ್ಲ. ನೋಡದೆಯೇ ಹೀಗೆ ಬರೆಯುವುದು ಪ್ರಸ್ತಾವನೆಯ ಶಿಷ್ಟಾಚಾರ.

2. ಪಲಾಯನಿಗಳ ವರ್ಗೀಕರಣ

ಪಲಾಯನಿಗಳಲ್ಲಿ ಮೂಲತಃ ಏಳು ವಿಧ. ಮೊದಲನೆಯದು ಸಪರಿವಾರ ಪಲಾಯನಿ. ಅಜ್ಜಿ, ಇಬ್ಬರು ಮಕ್ಕಳು, ಚಿತ್ರಾನ್ನದ ಡಬ್ಬಿ, ಶಿರಾಡಿ ಘಾಟಿಯ ತಿರುವುಗಳಿಗೆಂದೇ ಇಟ್ಟುಕೊಂಡ ನಿಂಬೆಹಣ್ಣು ಮತ್ತು ಪ್ಲಾಸ್ಟಿಕ್ ಕವರು ಇವನ ಲಕ್ಷಣಗಳು. ಎರಡನೆಯದು ಏಕಾಂತಾಪೇಕ್ಷಿ ಪಲಾಯನಿ. ಏಕಾಂತ ಹುಡುಕಿ ಓಂ ಬೀಚಿಗೆ ಹೋಗಿ, ಅದೇ ಏಕಾಂತ ಹುಡುಕಿಕೊಂಡು ಬಂದ ನೂರಾರು ಜನರ ನಡುವೆ ಫೋಟೊ ತೆಗೆಸಿಕೊಳ್ಳುವವನು. ಮೂರರಿಂದ ಏಳರವರೆಗಿನವು ಇವೆರಡರ ಬೆರಕೆ. ಬೇಕಾದವರು ಕೋಷ್ಟಕ ಹಾಕಿಕೊಳ್ಳಬಹುದು.

3. ಉಷ್ಣಮೀಮಾಂಸೆ

ಇಲ್ಲೊಂದು ಜ್ಞಾನಮೀಮಾಂಸಾತ್ಮಕ ಬಿಕ್ಕಟ್ಟು ಎದುರಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಪಲಾಯನಿಯು ತಂಪು ಅರಸಿ ಸಾಕ್ಷಾತ್ ಸಮುದ್ರಮಟ್ಟಕ್ಕೇ ಇಳಿಯುತ್ತಾನೆ. ಅರಬ್ಬಿ ಸಮುದ್ರ ಅತಿ ಹೆಚ್ಚು ಕಾದಿರುವುದು ಮುಂಗಾರಿಗೆ ಮುಂಚಿನ ಇದೇ ವಾರಗಳಲ್ಲಿ; ಮೇಲ್ಮೈ ನೀರೇ 29–30 ಡಿಗ್ರಿ. ಗಾಳಿಯ ತುಂಬ ತೇವ. ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಹವಾಮಾನ ಇಲಾಖೆಗೆ ಇದು ಚೆನ್ನಾಗಿ ಗೊತ್ತು. ಬಯಲಿನಲ್ಲಿ 40 ಡಿಗ್ರಿ ಮುಟ್ಟುವವರೆಗೆ ಬಿಸಿಗಾಳಿಯ ಮಾತೆತ್ತದ ಇಲಾಖೆ ಕರಾವಳಿಯಲ್ಲಿ 37ಕ್ಕೇ ಲೆಕ್ಕ ಶುರುಮಾಡುತ್ತದೆ.

ಹಾಗೆಂದು ಕಡಲು ಏನೂ ಕೊಡುವುದಿಲ್ಲವೆಂದಲ್ಲ. ಹಗಲು ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ನೀರಿನ ಮೇಲಿಂದ ಗಾಳಿ ನುಗ್ಗುತ್ತದೆ. ಮಧ್ಯಾಹ್ನ ಕಳೆದ ಮೇಲೆ ಮಲ್ಪೆಯ ದಡದಲ್ಲಿ ಕೂತವರಿಗೆ ಇದು ಪುಕ್ಕಟೆ. ಪಲಾಯನಿ ಆ ಹೊತ್ತಿಗೆ ಲಾಡ್ಜಿನ ಎಸಿ ಕೋಣೆಯಲ್ಲಿ ಕಿಟಕಿ ಮುಚ್ಚಿ ಮಲಗಿರುತ್ತಾನೆ. ಊರಿನವರು ಮಾತ್ರ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಉಂಡು, ಪುನರ್ಪುಳಿ ಶರಬತ್ತು ಕುಡಿದು ಜಗಲಿಯ ಮೇಲೆ ಕೂತಿರುತ್ತಾರೆ. ಕ್ಷೇತ್ರಕಾರ್ಯದ ವೇಳೆ ಎಳನೀರು ಮಾರುವ ಹೆಂಗಸೊಬ್ಬರು ಕತ್ತಿಯನ್ನು ಅರ್ಧಕ್ಕೇ ನಿಲ್ಲಿಸಿ ಸಂಶೋಧಕನನ್ನು ಕೇಳಿದರು: "ಎಂತ ಮಾರಾಯ್ರೆ, ಈ ಸೆಕೆಗೆ ನೀವು ಬೆಂಗ್ಳೂರು ಬಿಟ್ಟು ಬಂದದ್ದಾ?" ಈ ವಿಷಯದಲ್ಲಿ ಈವರೆಗೆ ಎತ್ತಲಾದ ಏಕೈಕ ಸಂಶೋಧನಾ ಪ್ರಶ್ನೆ ಇದು.

4. ಸಮುದ್ರವೆಂಬ ಪಠ್ಯ

ಪ್ರಬಂಧದ ತಾತ್ವಿಕ ಪರಿಪ್ರೇಕ್ಷ್ಯಕ್ಕೆ ನಾನು ಒಂದು ವಿಚಾರಸಂಕಿರಣಕ್ಕೆ ಋಣಿ. ಅಲ್ಲಿ ವಿದ್ವಾಂಸರೊಬ್ಬರು ಅಲೆಯನ್ನು 'ಸದಾ ಮುಂದೂಡಲ್ಪಡುವ ಅರ್ಥ' ಎಂದರು, ದಡವನ್ನು 'ಅಂಚಿನ ಅಸ್ಮಿತೆ' ಎಂದರು, ಮುಳುಗುವುದನ್ನು 'ಅಹಂಕಾರದ ವಿಸರ್ಜನೆ' ಎಂದರು. ಮುಕ್ಕಾಲು ಗಂಟೆ ತಲೆ ಎತ್ತದೆ ಓದಿದರು. ಕರೆಂಟು ಹೋಗಿತ್ತು. ಕೆಳಗೆ ಕೂತ ನಾವು ಆಹ್ವಾನಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಾ, ಕೊನೆಗೆ ಅದನ್ನು ಕಂಕುಳಲ್ಲಿ ಇರುಕಿಕೊಂಡು ಚಪ್ಪಾಳೆ ತಟ್ಟಿದೆವು.

ಮುಳುಗುವುದು ವಿಸರ್ಜನೆಯಂತೆ! 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ಹುಡುಗಿಯರಲ್ಲಿ ನಾಲ್ವರು ಮುರುಡೇಶ್ವರದಲ್ಲಿ ಮುಳುಗಿ ಸತ್ತರು. ಬಯಲುಸೀಮೆಯ ಮಕ್ಕಳು. ಅವರಲ್ಲಿ ಯಾವ ಅಹಂಕಾರವಿತ್ತು ವಿಸರ್ಜಿಸಲು?

ವರ್ಗೀಕರಣ, ನೆಲೆಗಟ್ಟು, ಪರಿಪ್ರೇಕ್ಷ್ಯ ಎಲ್ಲ ಹಾಗಿರಲಿ. ಕಡಲನ್ನು ಓದುವುದೆಂದರೆ ಏನೆಂದು ದಡದಲ್ಲಿ ಸೀಟಿ ಊದುತ್ತಾ ನಿಂತ ಲೈಫ್‌ಗಾರ್ಡ್ ಹುಡುಗನನ್ನು ಕೇಳಬೇಕು. ಎರಡು ಕಡೆ ಅಲೆ ನೊರೆಯೊಡೆದು ಬೀಳುತ್ತಿರುತ್ತದೆ, ನಡುವೆ ಒಂದಷ್ಟು ಅಗಲ ನೀರು ಸುಮ್ಮನೆ, ಸಮತಟ್ಟಾಗಿ ಕಾಣುತ್ತದೆ. ಹೊಸಬರು ಅಲ್ಲಿಗೇ ಹೋಗುತ್ತಾರೆ, ಅಲೆ ಇಲ್ಲದ ಜಾಗ ಎಂದು. ದಡಕ್ಕೆ ಬಂದ ನೀರೆಲ್ಲ ಒಳಗೆ ವಾಪಸು ಹರಿಯುವುದು ಅದೇ ದಾರಿಯಲ್ಲಿ. ಒಳ್ಳೆಯ ಈಜುಗಾರನೂ ಅದಕ್ಕೆ ಎದುರಾಗಿ ದಡದತ್ತ ಈಜಿ ಈಜಿ ಸೋತುಹೋಗುತ್ತಾನೆ. ಮೇ ಕೊನೆಯ ಹೊತ್ತಿಗೆ, ಮುಂಗಾರು ಇನ್ನೂ ಕಾಲಿಡುವ ಮುನ್ನವೇ, ಕಡಲು ಒರಟಾಗತೊಡಗುತ್ತದೆ. ನಮ್ಮ ಶಾಲೆಗಳಿಗೆ ರಜೆ ಮುಗಿಯುವುದೂ ಆಗಲೇ. ಉಳಿದ ನಾಲ್ಕು ದಿನಕ್ಕೆಂದು ಜನ ಓಡಿಬರುವುದೂ ಆಗಲೇ.

ಈ ಮೂರು ನಾಲ್ಕು ವಾಕ್ಯ ನಮ್ಮ ಮಕ್ಕಳಿಗೆ ಯಾವ ಪಾಠದಲ್ಲಿ ಸಿಗುತ್ತವೆ? ದಡದ ಫಲಕಗಳನ್ನು ಬರೆಯುವವರಿಗೂ ಸಂಕಿರಣದ ಚಟ ಅಂಟಿದೆ. 'ಪ್ರವಾಸಿಗರು ಸೂಕ್ತ ಜಾಗರೂಕತೆ ವಹಿಸತಕ್ಕದ್ದು' ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಸೂಕ್ತ ಎಂದರೆ ಎಷ್ಟು? ಮೊಣಕಾಲೆ, ಸೊಂಟವೆ? 'ಇಲ್ಲಿ ಇಳಿದವರು ಸತ್ತಿದ್ದಾರೆ' ಎಂದು ದಪ್ಪ ಅಕ್ಷರದಲ್ಲಿ ಬರೆದರೆ ಯಾರ ಪಾಂಡಿತ್ಯಕ್ಕೆ ಏನು ಕುಂದು? ದುರಂತ ಆದ ಮೇಲೆ ಒಂದಷ್ಟು ದಿನ ಬೀಚು ಮುಚ್ಚುತ್ತಾರೆ, ಸಭೆ ಸೇರುತ್ತಾರೆ, ಆಮೇಲೆ ಮುಂದಿನ ರಜೆ ಬರುತ್ತದೆ.

ಪ್ರಬಂಧದ ಉಪಸಂಹಾರವನ್ನು ಕೈಬಿಟ್ಟಿದ್ದೇನೆ. ಈ ಬೇಸಿಗೆಯಲ್ಲಿ ಕಡಲಿಗೆ ಹೊರಟವರಿಗೆ ಒಂದು ವಿನಂತಿಯಷ್ಟೇ. ಕೆಂಪು ಬಾವುಟ ಇದ್ದರೆ ನೀರಿಗಿಳಿಯಬೇಡಿ. ಲೈಫ್‌ಗಾರ್ಡ್ ಸೀಟಿ ಊದಿದರೆ ಹಿಂದೆ ಬನ್ನಿ, ಅವನೊಡನೆ ಜಗಳಕ್ಕೆ ನಿಲ್ಲಬೇಡಿ. ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ಗುದ್ದಾಡದೆ, ದಡದುದ್ದಕ್ಕೂ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ಹೊರಗೆ ಬನ್ನಿ. ಈಜು ಬಾರದವರು ದಡದಲ್ಲೇ ಕೂತು ಗಾಳಿ ತೆಗೆದುಕೊಳ್ಳಿ; ಕಡಲಿನಲ್ಲಿ ತಂಪಾಗಿರುವುದು ಅದೊಂದೇ.