ಪರ್ಮನೆಂಟ್ ಅದನೇನ್ರಿ?

ನಮ್ಮ ಕಲಬುರಗಿಯಲ್ಲಿ ಹೆಣ್ಣಿನ ಕಡೆಯವರು ಮೊದಲು ಕೇಳುವುದು, "ನೌಕರಿ ಪರ್ಮನೆಂಟ್ ಅದನೇನ್ರಿ?" ಹುಡುಗ ಆಫೀಸಿನಲ್ಲಿ ಏನು ಮಾಡುತ್ತಾನೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಹುಡುಗನಿಗೂ ಹೇಳಲು ಕಷ್ಟವಾದೀತು. ಶರಣಬಸವೇಶ್ವರ ಗುಡಿಯ ಹತ್ತಿರದ ನಮ್ಮ ಓಣಿಯಲ್ಲಿ, ಗೋಡೆಯಾಚೆಯ ಕಾಕಾ ಈ ಪ್ರಶ್ನೆಯ ಕಟ್ಟಾ ಅಭಿಮಾನಿ. ಪಿಂಚಣಿ ಉಣ್ಣುವ ಮನುಷ್ಯ.

"ಕಾಕಾ, ಜಪಾನ್‌ದಾಗೂ ಹಿಂಗೇ ಇತ್ರಿ. ಏಪ್ರಿಲ್ 1ಕ್ಕ ಹೊಸಾ ಹುಡುಗರನ್ನ ಒಟ್ಟಿಗೇ ಸೇರಿಸ್ಕೋತಾರ. ಕೆಲ್ಸ ಯಾವ್ದು ಅಂತ ಕಂಪನಿ ಆಮ್ಯಾಲ ಹೇಳ್ತದ. ಇವತ್ತು ಲೆಕ್ಕ, ನಾಳಿ ಮಾರಾಟ. ವಯಸ್ಸು ಏರಿದಂಗ ಪಗಾರ ಏರ್ತದ. ರಿಟೈರ್ ಆಗೋತನಕ ಯಾರೂ ತಗಿಯಂಗಿಲ್ಲ."

"ದೇವರಂಥಾ ಮಂದಿ!"

"ಆದ್ರ ದೂರದ ಊರಿಗಿ ವರ್ಗಾ ಮಾಡಿದ್ರ ಹೆಂಡ್ತಿ ಮಕ್ಕಳನ್ನ ಬಿಟ್ಟು ಒಬ್ಬನೇ ಹೋಗಿರಬೇಕು."

"ಯಾಕ, ಅಲ್ಲಿ ಎಮ್ಮೆಲ್ಲೆ ಇಲ್ಲೇನು?"

ಈಗ ಅದೆಲ್ಲ ಬದಲಾಗುತ್ತಿದೆ ಎಂದೆ. ಜೀವನಪೂರ್ತಿ ನೌಕರಿ ಇನ್ನು ಕಷ್ಟವೆಂದು ಟೊಯೊಟಾದ ಅಕಿಯೊ ಟೊಯೊಡಾ 2019ರಲ್ಲೇ ಹೇಳಿದ್ದರು. ಫುಜಿತ್ಸು 2020ರಲ್ಲಿ ಮ್ಯಾನೇಜರುಗಳಿಗೆ, 2022ರಲ್ಲಿ ಉಳಿದ ನೌಕರರಿಗೂ ಹೊಸ ಪದ್ಧತಿ ತಂದಿತು. ಹಿಟಾಚಿಯದೂ ಅದೇ ದಾರಿ. ಮೊದಲು ಕೆಲಸ ಏನೆಂದು ಬರೆದಿಡುವುದು, ಆಮೇಲೆ ಅದಕ್ಕೆ ತಕ್ಕವರನ್ನು ಹುಡುಕುವುದು. ಪಗಾರ ಆ ಕೆಲಸಕ್ಕೆ, ತಲೆಯ ನರೆಗಲ್ಲ. ಕಂಪ್ಯೂಟರಿನಲ್ಲಿ ಪಳಗಿದ ಹುಡುಗರು ಸರದಿಗಾಗಿ ಇಪ್ಪತ್ತು ವರ್ಷ ಕಾಯುವುದಿಲ್ಲವಲ್ಲ.

"ಅಂದ್ರ ನಿನ್ನಿ ಬಂದ ಹುಡುಗ ನನಗಿಂತ ಜಾಸ್ತಿ ಎಣಿಸ್ತಾನ?"

"ಕೆಲ್ಸ ದೊಡ್ಡದಿದ್ರ ಎಣಿಸ್ತಾನ್ರಿ. ನಮ್ಮ ಶರಣರದೂ ಹಂಗೇ ಅಲ್ಲೇನ್ರಿ? ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಕೆಲ್ಸಾನೇ ಹೆಸರಿನ ಮುಂದ. ಕಲ್ಯಾಣದಾಗ ಸೀನಿಯಾರಿಟಿ ಲಿಸ್ಟ್ ಎಲ್ಲಿತ್ತು?"

"ಆಯ್ದಕ್ಕಿ ಮಾರಯ್ಯ ಜಾಸ್ತಿ ಅಕ್ಕಿ ತಂದ್ರ ಲಕ್ಕಮ್ಮ ತಿರುಗಿ ಕಳಿಸಿದ್ಳು. ಜಾಸ್ತಿ ಪಗಾರ ತಂದವನ್ನ ಯಾವ ಹೆಂಡ್ತಿ ತಿರುಗಿ ಕಳಿಸ್ತಾಳ, ಹೇಳು ನೋಡಮ್. ಅದು ಇರ್ಲಿ, ಆ ಕೆಲ್ಸಾನೇ ಇಲ್ಲದಂಗ ಆದ್ರ? ನಮ್ಮೂರ ಎಂಎಸ್‌ಕೆ ಮಿಲ್ ಮುಚ್ಚಿದಾಗ ನೋಡಿಲ್ಲೇನು? ಮಷೀನ್ ನಿಂತ್ವು, ಮನಿ ಒಲಿನೂ ನಿಂತ್ವು."

ಕಾಕಾ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದರು. ತಕ್ಕ ಕಾರಣವಿಲ್ಲದೆ ತೆಗೆದರೆ ಅದು ಊರ್ಜಿತವಾಗದು ಎನ್ನುವ ಕಾಯ್ದೆ ಜಪಾನಿನಲ್ಲಿದೆ, ಹಾಗಾಗಿ ಹಳೆಯ ನೆರಳು ಪೂರ್ತಿ ಹೋಗಿಲ್ಲ ಎಂದೆ.

ಅಷ್ಟರಲ್ಲಿ ಕಾಕು ಸೊಪ್ಪು ಸೋಸುತ್ತಲೇ ಬಾಯಿ ಹಾಕಿದರು. "ನಮ್ಮ ಮಗಳು ಕಾಲೇಜಿನಾಗ ಗೆಸ್ಟ್ ಲೆಕ್ಚರರ್. ಅದೇ ಕ್ಲಾಸು, ಅದೇ ಸಿಲೆಬಸ್ಸು. ಪರ್ಮನೆಂಟ್ ಇದ್ದೋರ ಅರ್ಧ ಪಗಾರನೂ ಇಲ್ಲ. ಕೆಲ್ಸಕ್ಕ ಪಗಾರ ಅಂದ್ರ ಬ್ಯಾಡ ಅನ್ನೋರು ಕುರ್ಚಿ ಸಿಕ್ಕೋರು. ಬಾಗಿಲ ಹೊರಗ ನಿಂತೋರನ್ನ ಕೇಳ್ರಿ."

ಸಮಾನ ಕೆಲಸಕ್ಕೆ ಸಮಾನ ವೇತನ ತಾತ್ಕಾಲಿಕ ನೌಕರರಿಗೂ ಸಲ್ಲಬೇಕೆಂದು 2016ರಲ್ಲಿ ಪಂಜಾಬಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ಎಂದೆ.

"ಕೋರ್ಟ್ ಹೇಳ್ಯದ, ಕ್ಯಾಷಿಯರ್‌ಗೆ ಕೇಳ್ಸಿಲ್ಲ" ಎಂದರು ಕಾಕು.

ಕಾಕಾ ಸೋಲುವವರಲ್ಲ. "ನಮ್ಮ ಗುಡ್ಯಾಗ ಅರಳಗುಂಡಗಿ ಶರಣಬಸಪ್ಪ ಹಚ್ಚಿದ ದಾಸೋಹ ನಡದದ. ಪಂಕ್ತಿಯಾಗ ಕುಂತೋರಿಗೆ ನಿನ್ನ ಕೆಲ್ಸ ಏನು ಅಂತ ಯಾರರ ಕೇಳ್ತಾರೇನು?"

"ಕೇಳಬಾರ್ದು. ಹಸ್ತೋರಿಗೆ ಪ್ರಸಾದ, ದುಡ್ದೋರಿಗೆ ಪಗಾರ. ನೀವು ಪ್ರಸಾದದ ಲೆಕ್ಕದಾಗ ನಮ್ಮ ಮಗಳ ಪಗಾರ ಕೊಡಬ್ಯಾಡ್ರಿ!"

ಕಾಕಾ ನನ್ನ ಮುಖ ನೋಡಿದರು. ನಾನು ಕಾಕುವಿನ ಪಕ್ಷ ಸೇರಿದೆ.