ಅಥಾತೋ ಬೆನ್ನುಚೀಲ ಜಿಜ್ಞಾಸಾ: ಖಾವೊಸಾನ್ ರಸ್ತೆಯ ಒಂದು ತಾರ್ಕಿಕ ಅಧ್ಯಯನ

ಬೆನ್ನಿಗೊಂದು, ಎದೆಗೊಂದು ಚೀಲ ತಗುಲಿಸಿಕೊಂಡು, ಬರುತ್ತಿದೆಯೋ ಹೋಗುತ್ತಿದೆಯೋ ದೂರದಿಂದ ತಿಳಿಯದಂತಿರುವ ಜೀವಿಯನ್ನು ಪ್ರಸ್ತುತ ಸಂಪ್ರಬಂಧದಲ್ಲಿ ‘ಬೆನ್ನುಚೀಲಧಾರಿ’ ಎಂದು ಕರೆಯಲಾಗಿದೆ. ಅಧ್ಯಯನದ ವ್ಯಾಪ್ತಿ: ಬ್ಯಾಂಕಾಕಿನ ಖಾವೊಸಾನ್ ರಸ್ತೆ, ಉದ್ದ ಸುಮಾರು 400 ಮೀಟರ್. ಮಿತಿ: ರಾತ್ರಿ ಅಲ್ಲಿ ಪಕ್ಕದವರ ಮಾತೂ ಕೇಳಿಸದ ಕಾರಣ ಸಂದರ್ಶನಗಳನ್ನು ಹಗಲಿಗೆ ನಿಗದಿಪಡಿಸಲಾಯಿತು, ಹಗಲು ಧಾರಿಗಳು ಮಲಗಿರುತ್ತಾರೆ.

ಇತಿಹಾಸವನ್ನು ಚುಟುಕಾಗಿ ಮುಗಿಸೋಣ. ದೊರೆ ಚುಲಲಾಂಗ್‌ಕಾರ್ನ್ ಕಾಲದಲ್ಲಿ, 1892ರಲ್ಲಿ, ಹಾಕಿದ ಈ ರಸ್ತೆಯಲ್ಲಿ ಮೊದಲು ಅಕ್ಕಿ ವ್ಯಾಪಾರ ನಡೆಯುತ್ತಿತ್ತು. 1980ರ ದಶಕದಲ್ಲಿ ಅಗ್ಗದ ವಸತಿಗಳು ತಲೆಯೆತ್ತಿದವು. 1996ರಲ್ಲಿ ಬಂದ ಅಲೆಕ್ಸ್ ಗಾರ್ಲೆಂಡನ ‘ದಿ ಬೀಚ್’ ಕಾದಂಬರಿ ಶುರುವಾಗುವುದೇ ಇಲ್ಲಿಂದ. ಪ್ರವಾಸಿಗರ ಕಾಟವಿಲ್ಲದ ಕಡಲತೀರವನ್ನು ಹುಡುಕಿ ಹೋಗುವ ಕತೆ ಅದು. ಸಿನಿಮಾ ಆದಾಗ ಚಿತ್ರೀಕರಣ ನಡೆದ ಮಾಯಾ ಕೊಲ್ಲಿಗೆ ಜನ ಯಾವ ಪರಿ ಮುಗಿಬಿದ್ದರೆಂದರೆ, ಹವಳದ ದಿಬ್ಬಗಳು ಹಾಳಾಗಿ 2018ರಲ್ಲಿ ಸರ್ಕಾರ ಅದಕ್ಕೆ ಬಾಗಿಲು ಹಾಕಿತು. ಮತ್ತೆ ತೆರೆದದ್ದು 2022ರಲ್ಲಿ. ನಮ್ಮ ಮೂಲ ಸೂತ್ರ ಹುಟ್ಟಿದ್ದೇ ಇಲ್ಲಿ: ಯಾರೂ ಹೋಗದ ಜಾಗಕ್ಕೆ ಹೋಗಬೇಕೆಂದು ಹೊರಟವರೆಲ್ಲ ಒಂದೇ ಜಾಗದಲ್ಲಿ ಭೇಟಿಯಾಗುತ್ತಾರೆ.

ಇನ್ನು ಲಕ್ಷಣ ವಿಚಾರ. ಹೊಗೆಯಿದ್ದಲ್ಲಿ ಬೆಂಕಿ ಇರುವಂತೆ, ಆನೆ ಚಿತ್ರದ ದೊಗಳೆ ಪ್ಯಾಂಟು ಇದ್ದಲ್ಲಿ ಬೆನ್ನುಚೀಲಧಾರಿ ಇದ್ದೇ ಇರುತ್ತಾನೆ. ಇದಕ್ಕೆ ಪೂರ್ವಪಕ್ಷದವರ ಆಕ್ಷೇಪ: ಬ್ಯಾಂಕಾಕಿನ ರಾಜರ ಅರಮನೆಯೊಳಗೆ ಮೊಣಕಾಲು ತೋರುವಂತಿಲ್ಲವೆಂಬ ಕಟ್ಟಳೆಗೆ ಹೆದರಿ ಹನಿಮೂನ್ ದಂಪತಿಗಳೂ ಅದೇ ಪ್ಯಾಂಟು ಕೊಳ್ಳುತ್ತಾರಲ್ಲ, ಅತಿವ್ಯಾಪ್ತಿ ದೋಷ ಬರುವುದಿಲ್ಲವೆ? ಬರುವುದಿಲ್ಲ. ದಂಪತಿಗಳ ಪೆಟ್ಟಿಗೆಗೆ ಚಕ್ರಗಳಿವೆ. ಧಾರಿಗೆ ಚಕ್ರ ವರ್ಜ್ಯ. (ಬೆಂಗಳೂರಿನಿಂದ ಬರುವ ಉಪಶಾಖೆಯ ಚೀಲದ ತಳದಲ್ಲಿ ಚಟ್ನಿಪುಡಿ ಇರುತ್ತದೆ. ಪ್ಯಾಡ್ ಥಾಯ್‌ಗೆ ಮೀನಿನ ಸಾಸ್ ಬೀಳುವುದನ್ನು ಕಣ್ಣಾರೆ ಕಂಡ ಮೇಲೆ ಅದು ಮೇಲಕ್ಕೆ ಬರುತ್ತದೆ.)

ಅರ್ಥಶಾಸ್ತ್ರವೇ ಈ ವಿಷಯದ ತಿರುಳು. 200 ಥಾಯ್ ಬಾತ್ ಹೇಳಿದ ಪ್ಯಾಂಟನ್ನು 150ಕ್ಕೆ ಇಳಿಸಲು ಧಾರಿ ಅರ್ಧ ಗಂಟೆ ಚೌಕಾಸಿ ಮಾಡುತ್ತಾನೆ, ಎರಡು ಸಲ ಹೊರಟೇಹೋದಂತೆ ನಟಿಸುತ್ತಾನೆ. ಗೆದ್ದ 50 ಬಾತಿನ ಹತ್ತುಪಟ್ಟನ್ನು ಅದೇ ರಾತ್ರಿ ಮಕ್ಕಳು ಮರಳಾಟಕ್ಕೆ ಬಳಸುವಂಥ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ರಮ್ಮು, ಕೋಲಾ ಬೆರೆಸಿ, ನಾಲ್ಕಾರು ಸ್ಟ್ರಾ ಹಾಕಿ ಹೀರಿಬಿಡುತ್ತಾನೆ. ಹುರಿದ ಚೇಳು ಮಾರುವ ಹೆಂಗಸು ಇವನನ್ನು ಎಲ್ಲ ವಿದ್ವಾಂಸರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾಳೆ. ಇವನು ತಿನ್ನುವ ಪೈಕಿಯಲ್ಲ ಎಂದು ತಿಳಿದೇ ‘ಫೋಟೊಗೆ 10 ಬಾತ್’ ಎಂಬ ಬೋರ್ಡು ನೇತುಹಾಕಿದ್ದಾಳೆ.

ಇದಕ್ಕಿಂತ ಸೂಕ್ಷ್ಮವಾದದ್ದು ಟುಕ್‌ಟುಕ್ ನ್ಯಾಯ. “ಅರಮನೆ ಇವತ್ತು ರಜಾ, 20 ಬಾತಿಗೆ ಊರೆಲ್ಲ ತೋರಿಸುತ್ತೇನೆ” ಎನ್ನುತ್ತಾನೆ ಚಾಲಕ. ಚೌಕಾಸಿಯನ್ನೇ ಪುರುಷಾರ್ಥವೆಂದು ನಂಬಿದವನಿಗೆ ಇಷ್ಟು ಅಗ್ಗ ಯಾಕೆ ಎಂಬ ಶಂಕೆ ಹುಟ್ಟುವುದೇ ಇಲ್ಲ. ಸವಾರಿ ಮೊದಲು ಒಂದು ಗುಡಿಗೆ, ಆಮೇಲೆ ಸೂಟು ಹೊಲಿಯುವ ಅಂಗಡಿಗೆ, ಕೊನೆಗೆ ನೀಲಮಣಿ ಮಾರುವ ಅಂಗಡಿಗೆ. ಗಿರಾಕಿಯನ್ನು ತಂದದ್ದಕ್ಕೆ ಚಾಲಕನಿಗೆ ಇಂಧನದ ಕೂಪನ್ನು ಸಿಗುತ್ತದೆ.

ಧಾರಿ ಹುಡುಕುತ್ತಿರುವ ‘ಅಪ್ಪಟ ಬ್ಯಾಂಕಾಕ್’ ಎಲ್ಲಿದೆ? ಕಾಲ್ನಡಿಗೆಯ ದೂರದಲ್ಲೇ, ಸೇನ್ ಸೇಪ್ ಕಾಲುವೆಯ ದೋಣಿಯಲ್ಲಿ. ಆಫೀಸಿಗೆ ಹೊರಟವರು ಹಗ್ಗ ಜಗ್ಗಿ, ಕೊಳಕು ನೀರು ಸಿಡಿಯದಂತೆ ಪ್ಲಾಸ್ಟಿಕ್ ಪರದೆ ಏರಿಸುತ್ತಾರೆ. ತಲೆಗೆ ಹೆಲ್ಮೆಟ್ ಹಾಕಿದ ಕಂಡಕ್ಟರ್ ಓಡುವ ದೋಣಿಯ ಹೊರ ಅಂಚಿನ ಮೇಲೆ ನಡೆಯುತ್ತಲೇ ಟಿಕೆಟ್ ಹರಿಯುತ್ತಾಳೆ, ಸೇತುವೆ ಬಂದಾಗ ಬಗ್ಗುತ್ತಾಳೆ. ಬೆಳಗಿನ ನೂಕುನುಗ್ಗಲಿನಲ್ಲಿ ಅಲ್ಲಿ ಒಬ್ಬ ಧಾರಿಯೂ ಕಾಣುವುದಿಲ್ಲ. ಎರಡು ಚೀಲಗಳಿಗೆ ಜಾಗವಿಲ್ಲ, ಮತ್ತು ಚೌಕಾಸಿಗೆ ಆಸ್ಪದವಿಲ್ಲ.

ಶಾಸ್ತ್ರಗ್ರಂಥಕ್ಕೆ ಫಲಶ್ರುತಿ ಬೇಕಷ್ಟೆ. ಇದನ್ನು ಓದಿದವರಿಗೆ ಪುಣ್ಯ ಬರುವುದು ಅನುಮಾನ. ಅರಮನೆ ಸಾಮಾನ್ಯವಾಗಿ ದಿನವೂ ಬೆಳಗ್ಗೆ 8.30ಕ್ಕೆ ತೆರೆಯುತ್ತದೆ. ರಜಾ ಎಂದು ದಾರಿಯಲ್ಲಿ ನಿಂತವರು ಯಾರೇ ಹೇಳಲಿ, ಗೇಟಿನವರೆಗೆ ನಡೆದು ನೀವೇ ನೋಡಿ.