ಬೇರು ಹತ್ತದ ಡಬ್ಬಿ

ಹೊರಗಿನಿಂದ ನೋಡಿದರೆ ಕಂಪ್ಯೂಟರ್ ಎಂದು ಯಾರೂ ಹೇಳದ, ಒಳಗೆ ಮಾತ್ರ ಪೂರ್ತಿ ಕಂಪ್ಯೂಟರೇ ಆಗಿರುವ ಸಾಧನಗಳನ್ನು ಎಂಬೆಡೆಡ್ ಸಾಧನಗಳೆಂದು ಕರೆಯುವುದು ವಾಡಿಕೆ. ಗೋಡೆಗೆ ನೇತುಹಾಕಿದ ವೈಫೈ ರೂಟರ್, ಟಿವಿಯ ಕೆಳಗೆ ಕುಳಿತ ಸೆಟ್‌ಟಾಪ್ ಬಾಕ್ಸ್ ಮುಂತಾದವು ಈ ಜಾತಿಗೆ ಸೇರಿದವು. ಇವುಗಳಲ್ಲಿ ಸಾಮಾನ್ಯವಾಗಿ ತಿರುಗುವ ಹಾರ್ಡ್ ಡಿಸ್ಕ್ ಇರುವುದಿಲ್ಲವಾದ್ದರಿಂದ, ಬೆರಳಿನ ಉಗುರಿನಷ್ಟಗಲದ ಫ್ಲಾಶ್ ಚಿಪ್ಪೊಂದರಲ್ಲೇ ಮನೆ, ಕಣಜ, ಕೊಟ್ಟಿಗೆ ಎಲ್ಲವೂ ಅಡಕವಾಗಿರುತ್ತವೆ. ಕರೆಂಟು ಬಂದೊಡನೆ ಮೊದಲು ಏಳುವುದು ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಮು. ಅದು ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್ ಅನ್ನು ಎಬ್ಬಿಸಿ, ನಿನ್ನ ಬೇರು ಇಂಥ ಕಡೆ ಇದೆ, ಹೋಗಿ ನೋಡಿಕೋ ಎಂದು ಒಂದು ಸಾಲಿನ ಚೀಟಿ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಬೇರು ಎಂದರೆ ಇಲ್ಲಿ ರೂಟ್ ಫೈಲ್‌ಸಿಸ್ಟಮ್, ಅಂದರೆ ಮಿಕ್ಕೆಲ್ಲ ಕಡತಗಳು ಯಾವುದರಿಂದ ಕವಲೊಡೆಯುತ್ತವೆಯೋ ಆ ಮೂಲ. ಅದನ್ನು ಕರ್ನೆಲ್ ತನ್ನದಾಗಿಸಿಕೊಳ್ಳುವ ಕ್ರಿಯೆಗೆ ಮೌಂಟ್ ಮಾಡುವುದು, ಏರಿಸುವುದು, ಎಂದು ಹೆಸರು. ಬೇರು ಮೇಲಕ್ಕೇರುವುದೆಂದರೇನು ಎಂದು ಬೇಸಾಯಗಾರರು ಕೇಳಿದರೆ ಈ ಶಾಸ್ತ್ರದವರು ಉತ್ತರಿಸುವ ಗೋಜಿಗೆ ಹೋಗುವುದಿಲ್ಲ.

ಚೀಟಿಯಲ್ಲಿರುವ ವಿಳಾಸದಲ್ಲಿ ಬೇರು ಸಿಗದಿದ್ದರೆ, ದಿಬ್ಬಣ ಬಂದಿಳಿದ ಮೇಲೆ ಛತ್ರದ ಬೀಗದ ಕೈ ಯಾರ ಜೇಬಿನಲ್ಲಿದೆಯೆಂದು ತಿಳಿಯದ ಹೆಣ್ಣಿನ ತಂದೆಯ ಸ್ಥಿತಿ ಕರ್ನೆಲ್‌ನದಾಗುತ್ತದೆ. ಅದು ಮೊದಲು 31, 3 ಎಂಬಂಥ ಎರಡು ಸಂಖ್ಯೆಗಳನ್ನು ಹೇಳಿ (31 ಎಂಬುದು ಫ್ಲಾಶ್ ಬಗೆಯ ಸಾಧನಕ್ಕೆ ಲಿನಕ್ಸ್ ಕೊಟ್ಟಿರುವ ಕುಲಸಂಖ್ಯೆ, 3 ಎಂಬುದು ಅದರೊಳಗಿನ ಭಾಗದ ಸಂಖ್ಯೆ), ದಯವಿಟ್ಟು ಸರಿಯಾದ ವಿಳಾಸ ಸೇರಿಸಿ, ಲಭ್ಯವಿರುವ ಭಾಗಗಳು ಇಂತಿವೆ ಎಂದು ಪಟ್ಟಿ ಕೊಟ್ಟು, ಅನಂತರ ಪ್ಯಾನಿಕ್ ಎಂಬ ಅವಸ್ಥೆಯನ್ನು ಹೊಂದಿ ಪ್ರಾಣ ಬಿಡುತ್ತದೆ. ಸಾಯುವ ಹೊತ್ತಿನಲ್ಲೂ ದಯವಿಟ್ಟು ಎನ್ನುವ, ಅರ್ಜಿ ತಿರಸ್ಕರಿಸುವ ಮುನ್ನ ಇರುವುದನ್ನೆಲ್ಲ ಪಟ್ಟಿ ಮಾಡಿಕೊಡುವ ಇಂಥ ಸೌಜನ್ಯ ಮನುಷ್ಯರು ಕೂರುವ ಯಾವ ಕೌಂಟರಿನಲ್ಲೂ ಸುಲಭವಾಗಿ ದೊರೆಯುವಂಥದಲ್ಲ.

ಫ್ಲಾಶ್ ಎಂಬ ನೆನಪಿನ ಚಿಪ್ಪನ್ನು ಜಪಾನಿನ ತೊಷಿಬಾದಲ್ಲಿದ್ದ ಫುಜಿಯೊ ಮಸುವೊಕಾ ಅವರು ರೂಪಿಸಿ 1984ರಲ್ಲಿ ಲೋಕಕ್ಕೆ ತೋರಿಸಿದರು. ಅದರ ನ್ಯಾಂಡ್ ಎಂಬ ಅಗ್ಗದ ತಮ್ಮ 1987ರಲ್ಲಿ ಹೊರಬಂದನು. ಅಳಿಸುವಾಗ ಒಂದೇ ಏಟಿಗೆ ಇಡೀ ತುಂಡು ಅಳಿಸಿಹೋಗುವುದು ಕ್ಯಾಮೆರಾದ ಮಿಂಚಿನಂತೆ ಕಂಡಿದ್ದರಿಂದ ಸಹೋದ್ಯೋಗಿಯೊಬ್ಬರು ಇಟ್ಟ ಹೆಸರು ಫ್ಲಾಶ್. ಮಂಡ್ಯ ಜಿಲ್ಲೆಯ ಓದುಗರಿಗೆ ಇದರ ಸ್ವಭಾವವನ್ನು ತಿಳಿಸಲು ಕಬ್ಬಿನ ಗದ್ದೆಯೇ ಸಾಕು: ಅಳಿಸಿದ ಚಿಪ್ಪೆಲ್ಲ 1 ಎಂಬ ಅಂಕಿಯೇ ತುಂಬಿದ ಹಸನಾದ ಹೊಲ, ಬರೆಯುವುದೆಂದರೆ ಬೇಕಾದ ಕಡೆ 1 ಅನ್ನು 0 ಮಾಡುತ್ತ ಹೋಗುವುದು, ಆದರೆ ಒಂದೇ ಒಂದು 0 ಅನ್ನು ಮತ್ತೆ 1 ಮಾಡಬೇಕಾದರೂ ಇಡೀ ಪಾತಿಯನ್ನು ಉತ್ತು ಮೊದಲಿನಿಂದ ನಾಟಿ ಮಾಡಲೇಬೇಕು, ಹೀಗೆ ಹೆಚ್ಚೆಂದರೆ ಸುಮಾರು ಒಂದು ಲಕ್ಷ ಸಲ ಉತ್ತ ಮೇಲೆ ನೆಲ ಸವೆಯುತ್ತದೆ. ನ್ಯಾಂಡ್ ಚಿಪ್ಪಿನಲ್ಲಂತೂ ಕಾರ್ಖಾನೆಯಿಂದ ಬರುವಾಗಲೇ ಕೆಲವು ಪಾತಿಗಳು ಕೆಟ್ಟಿರುವುದು ಮಾಮೂಲು. ಪಹಣಿಯಲ್ಲಿ ಖರಾಬು ಎಂದು ಕಳೆದು ತೋರಿಸುವ ಹಾಗೆ ಅವುಗಳನ್ನು ಗುರುತು ಹಾಕಿಯೇ ಮಾರುತ್ತಾರೆ, ಕೊಂಡವನು ಮರುಮಾತಾಡುವಂತಿಲ್ಲ. ಚಿಪ್ಪನ್ನು ಬೂಟ್‌ಲೋಡರಿಗೆ ಇಷ್ಟು, ಕರ್ನೆಲ್‌ಗೆ ಇಷ್ಟು, ಬೇರಿಗೆ ಇಷ್ಟು ಎಂದು ಹಿಸ್ಸೆ ಮಾಡಿರುತ್ತಾರೆ. ಈ ಹಿಸ್ಸೆಗಳ ಎಣಿಕೆ 0ಯಿಂದ ಆರಂಭವಾಗುತ್ತದೆಂಬ ಒಂದೇ ಕಾರಣಕ್ಕೆ ಲೋಕದಲ್ಲಿ ಹಾಳಾಗಿರುವ ರಾತ್ರಿಗಳಿಗೆ ಲೆಕ್ಕವಿಲ್ಲ. ಮೂರನೆಯ ಹಿಸ್ಸೆ ಎಂದವನಿಗೆ ನಾಲ್ಕನೆಯವನ ಜಮೀನು ಸಿಕ್ಕಿ ವ್ಯಾಜ್ಯ ಹುಟ್ಟುವ ಬಗೆ ಇದು.

ಕರ್ನಾಟಕಕ್ಕೆ ಈ ವಿದ್ಯೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರೂ ಕೂಡಿ 2001ರಲ್ಲಿ ಹೊರತಂದ ಸಿಂಪ್ಯೂಟರ್ ಎಂಬ ಅಂಗೈ ಯಂತ್ರ ಹಾರ್ಡ್ ಡಿಸ್ಕ್ ಇಲ್ಲದೆ, ಲಿನಕ್ಸನ್ನು ಹೊತ್ತು, ಅಕ್ಷರ ಬಾರದವರಿಗೆ ಕನ್ನಡದಲ್ಲಿ ಓದಿ ಹೇಳುವ ಆಸೆ ಹೊತ್ತು ಬಂದದ್ದು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಎಂಬ ಮಾದರಿ ಮಾರುಕಟ್ಟೆಗೂ ಬಂದಿತು. ಬಡವರ ಕೈಗೆ ಕಂಪ್ಯೂಟರ್ ಎಂಬ ಆ ಮಾತನ್ನು ಆಮೇಲೆ ಅಗ್ಗದ ಮೊಬೈಲ್ ಫೋನು ಯಾರಿಗೂ ಹೇಳದೆ ಕೇಳದೆ ನಡೆಸಿಕೊಟ್ಟಿತು, ಅದೂ ಒಳಗೆ ಇದೇ ಫ್ಲಾಶನ್ನು ಇಟ್ಟುಕೊಂಡು.

ಫ್ಲಾಶ್‌ನಲ್ಲಿ ಬೇರು ಬಿಡುವ ಫೈಲ್‌ಸಿಸ್ಟಮ್‌ಗಳಲ್ಲಿ ಜೆಎಫ್‌ಎಫ್‌ಎಸ್ 2 ಎಂಬುದು ಹಳೆಯ ಮನೆತನ. ಸ್ವೀಡನ್ನಿನ ಆಕ್ಸಿಸ್ ಕಂಪನಿ ಮಾಡಿದ್ದ ಮೊದಲ ಆವೃತ್ತಿಯನ್ನು ರೆಡ್ ಹ್ಯಾಟ್ ಕಂಪನಿಯಲ್ಲಿದ್ದ ಡೇವಿಡ್ ವುಡ್‌ಹೌಸ್ 2001ರ ಸುಮಾರಿಗೆ ಹೊಸದಾಗಿ ಕಟ್ಟಿದರು. ಇದು ಬರೆದದ್ದನ್ನು ಇದ್ದಲ್ಲೇ ತಿದ್ದುವುದಿಲ್ಲ, ಊರಂಗಡಿಯ ಸಾಲದ ಪುಸ್ತಕದಂತೆ ಹೊಸ ಲೆಕ್ಕವನ್ನು ಮುಂದಕ್ಕೆ ಬರೆಯುತ್ತ ಹೋಗಿ ಹಳೆಯದನ್ನು ಹೊಡೆದುಹಾಕುತ್ತದೆ. ಆ ಪುಸ್ತಕದ ಪ್ರತಿ ಪುಟದ ತಲೆಯ ಮೇಲೆ ಶ್ರೀಕಾರ ಇರುವಂತೆ, ಇದರ ಪ್ರತಿಯೊಂದು ದಾಖಲೆಯ ತಲೆಯ ಮೇಲೂ, ಹದಿನಾರರ ಆಧಾರದ ಎಣಿಕೆಯಲ್ಲಿ, 1985 ಎಂಬ ಅಂಕ ಇರಲೇಬೇಕು. ಶ್ರೀಕಾರವಿಲ್ಲದ ಪುಟವನ್ನು ಕರ್ನೆಲ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇರು ಹತ್ತದಿರಲು ಇರುವ ಇತರ ಕಾರಣಗಳು, ಎಂದರೆ ಕರ್ನೆಲ್‌ಗೆ ಆ ಫೈಲ್‌ಸಿಸ್ಟಮ್‌ನ ಪರಿಚಯವೇ ಇಲ್ಲದಿರುವುದು, ಪಾತಿಯ ಅಳತೆ ತಪ್ಪಿರುವುದು, ಬರೆಯುವಾಗ ಕರೆಂಟು ಹೋಗಿರುವುದು ಮೊದಲಾದವು, ಪಠ್ಯಪುಸ್ತಕಗಳಲ್ಲಿ ಸಿಗುತ್ತವೆಯಾದ್ದರಿಂದ ಇಲ್ಲಿ ಬಿಡಲಾಗಿದೆ. ಪಠ್ಯಪುಸ್ತಕಗಳಲ್ಲಿ ಸಿಗದ ಕಾರಣವೊಂದೇ, ರಿಪೇರಿಗೆ ಕೂತವನ ಬುದ್ಧಿ.

ಆ ಬುದ್ಧಿಯ ನಿದರ್ಶನವಾಗಿ ಪ್ರಸ್ತುತ ಲೇಖಕನನ್ನೇ ಪರಿಶೀಲಿಸಬಹುದು. ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅವನ ದೊಡ್ಡಪ್ಪನವರ ಮನೆಯ ರೂಟರ್, ಒಳಗಿನ ಸಾಫ್ಟ್‌ವೇರ್ ಹೊಸದಾಗುತ್ತಿದ್ದ ಗಳಿಗೆಯಲ್ಲೇ ಕರೆಂಟು ಹೋಗಿ, ಬೇರು ಕಳೆದುಕೊಂಡು ಬಿದ್ದಿತ್ತು. ಕರೆಂಟಿನ ವಿಷಯದಲ್ಲಿ ಈ ತಾಲ್ಲೂಕಿಗೆ ಹಳೆಯ ಹೆಮ್ಮೆಯೂ ಹಳೆಯ ಅಸಮಾಧಾನವೂ ಇರುವುದು ಸಹಜ. 1902ರಲ್ಲಿ ಇಲ್ಲಿಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ನೆಟ್ಟಗೆ ಹೊರಟುಹೋಯಿತು, ಅದರ ವಂಶಸ್ಥರು ಇಂದಿಗೂ ಪಟ್ಟಣ ಸೇರಿದ ಮಗನಂತೆ ಹುಟ್ಟೂರಿಗೆ ನೆಂಟರಾಗಿ ಬಂದು ಹೇಳದೆ ಹೋಗುತ್ತಾರೆ. ಮಂಡ್ಯದ ರಿಪೇರಿ ಅಂಗಡಿಯೊಂದರಲ್ಲಿ, ಮುಚ್ಚಳವನ್ನೂ ತೆಗೆಯದೆ, 'ಬೋರ್ಡ್ ಹೋಗದೆ ಸಾರ್, ಹೊಸದ್ ತಗಳಿ' ಎಂದರು. ಎಲ್ಲ ಕಾಯಿಲೆಗೂ ಬೋರ್ಡ್ ಹೋಗಿದೆ ಎಂಬ ಒಂದೇ ಮದ್ದು ಕೊಡುವ ಈ ಪರಂಪರೆಯ ಬಗ್ಗೆ ಲೇಖಕನಿಗಿರುವ ಸಿಟ್ಟು ಶಾಸ್ತ್ರೀಯವಾದುದಲ್ಲ, ಖಾಸಗಿಯದು. ಆದರೂ ಹೊಸ ಡಬ್ಬಿ ಕೊಂಡಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಮೂರು ದಿನ ರಜೆ ಹಾಕಿಸಿದ್ದು ಆ ಸಿಟ್ಟೇ ಎಂಬುದನ್ನು ದಾಖಲಿಸಬೇಕು.

ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ, ರೂಟರಿನ ಮಾತನ್ನು ಲ್ಯಾಪ್‌ಟಾಪಿಗೆ ಮುಟ್ಟಿಸುವ ಮೂರೆಳೆಯ ಸೀರಿಯಲ್ ಕೇಬಲ್, ಮದ್ದೂರಿನಲ್ಲಿ ಕಟ್ಟಿಸಿಕೊಂಡ ಆರು ವಡೆ, ಒಂದು ಲ್ಯಾಪ್‌ಟಾಪು ಇವಿಷ್ಟು ಸಾಮಗ್ರಿ. ವಡೆಗಳು ಮೊದಲ ಪ್ಯಾನಿಕ್‌ಗೆ ಮುಂಚೆಯೇ ಮುಗಿದವು. ಹಿಸ್ಸೆಯ ಎಣಿಕೆ 0ಯಿಂದ ಎಂಬುದು ನೆನಪಾಗುವಷ್ಟರಲ್ಲಿ ಮೊದಲ ದಿನ ಮುಗಿಯಿತು. ಎರಡನೆಯ ದಿನ ಲ್ಯಾಪ್‌ಟಾಪಿನಲ್ಲಿ ಹೊಸ ಬೇರನ್ನು ಕಟ್ಟಿ, ಚಿಪ್ಪಿಗೆ ಬರೆದು, ಕರೆಂಟು ಕೊಟ್ಟೊಡನೆ ಪರದೆಯ ಮೇಲೆ ಕರ್ನೆಲ್‌ನ ಅಳಲು ಮಳೆಯಂತೆ ಸುರಿಯತೊಡಗಿತು: ಇಂಥ ಜಾಗದಲ್ಲಿ 1985 ಸಿಗಲಿಲ್ಲ, ಬದಲಿಗೆ ಇಂಥದ್ದು ಸಿಕ್ಕಿತು, ಮುಂದಿನ ಜಾಗದಲ್ಲೂ 1985 ಸಿಗಲಿಲ್ಲ. ಲೇಖಕನು ಆ ಸಾಲುಗಳನ್ನು, ಹಳೆಯ ಮದುವೆ ಪತ್ರಿಕೆಯೊಂದರ ಬೆನ್ನ ಮೇಲೆ, ಶಾಸನತಜ್ಞನ ಶ್ರದ್ಧೆಯಿಂದ ಪ್ರತಿ ಮಾಡಿಕೊಳ್ಳತೊಡಗಿದನು. ಒಂದು ಪತ್ರಿಕೆ ಸಾಲದೆ ಎರಡನೆಯದನ್ನೂ, ಅದೂ ಸಾಲದೆ ನಾಮಕರಣದ ಕಾರ್ಡೊಂದನ್ನೂ ಬಳಸಲಾಯಿತು. ಆಮೇಲೆ ಚಿಪ್ಪಿನಲ್ಲಿ ಬೇರಿನ ಹಿಸ್ಸೆಯ ಮೊದಲ ಎರಡು ಬೈಟುಗಳನ್ನು, ಅಂದರೆ ತಲಾ ಎರಡಂಕಿಯ ಎರಡು ತುಣುಕುಗಳನ್ನು, ನೇರವಾಗಿ ಓದಿ, ಪತ್ರಿಕೆಯ ಮೇಲ್ಗಡೆ 'ಇರಬೇಕಾದ್ದು 19 85' ಎಂದೂ ಅದರ ಕೆಳಗೆ 'ಇರುವುದು 85 19' ಎಂದೂ ದುಂಡಗೆ ಬರೆದು, ಎರಡನ್ನೂ ಬಹಳ ಹೊತ್ತು ನೋಡಿದನು. ಚಿಪ್ಪು ಕೆಟ್ಟಿರಬೇಕೆಂದು ಒಂದು ಸಿದ್ಧಾಂತ ಮಂಡಿಸಿದನು; ಕೇಬಲ್ ಕೆಟ್ಟಿರಬೇಕೆಂದು ಅದನ್ನು ಖಂಡಿಸಿದನು. 1985 ಎಂಬುದು ಯಾರಾದರೂ ಹುಟ್ಟಿದ ವರ್ಷವಿರಬಹುದೇ ಎಂದು ಯೋಚಿಸಿದನು. ಮೇಲಿನ ನಾಲ್ಕು ಅಂಕಿಗಳನ್ನು ಕೂಡಿದರೆ 23 ಬರುತ್ತದೆ, ಕೆಳಗಿನ ನಾಲ್ಕನ್ನು ಕೂಡಿದರೂ 23 ಬರುತ್ತದೆ ಎಂಬ ಗಮನಾರ್ಹ ಸಂಗತಿಯನ್ನು ರಾತ್ರಿ ಹನ್ನೊಂದೂವರೆಗೆ ಕಂಡುಹಿಡಿದು, ಅದರ ಕೆಳಗೆ ಎರಡು ಗೆರೆ ಎಳೆದು, ಇಷ್ಟೆಲ್ಲ ಹೊಂದಿಕೆಯಿದ್ದೂ ಏಕೆ ಹೊಂದುತ್ತಿಲ್ಲ ಎಂಬ ವಿಷಾದದಲ್ಲಿ ಮುಳುಗಿದನು.

ಥ್ರೀ ಫೇಸ್ ಕರೆಂಟು ಬಂತೇ ಎಂದು ನೋಡಲು ಎದ್ದಿದ್ದ ದೊಡ್ಡಪ್ಪನವರು ಬ್ಯಾಟರಿ ಹಿಡಿದು ಬಂದು, ಆ ಬೆಳಕನ್ನು ಪತ್ರಿಕೆಯ ಮೇಲೆ ಬಿಟ್ಟು, 'ಏನ್ಲಾ ಮಗ ಅದು?' ಎಂದು ಕೇಳಿದರು. 'ಮೇಲಿನದು ಬೇಕಾಗಿತ್ತು ದೊಡ್ಡಪ್ಪ, ಕೆಳಗಿನದು ಬಂದದೆ' ಎಂಬ ಉತ್ತರಕ್ಕೆ ಅವರು ಒಂದು ಕ್ಷಣವೂ ಯೋಚಿಸಲಿಲ್ಲ. 'ಎತ್ತು ಅವೇ ಕಣ್ಲಾ. ಎಡಕ್ ಕಟ್ಟೋದ್ನ ಬಲಕ್ ಕಟ್ಟವ್ರೆ. ಹೆಂಗ್ ಎಳ್ದಾವು?' ಎಂದು ಹೇಳಿ ಮೋಟಾರಿನ ಕಡೆ ಹೊರಟರು.

ಈ ವಾಕ್ಯಕ್ಕೆ ವ್ಯಾಖ್ಯಾನ ಅಗತ್ಯ. ಜೋಡಿ ಎತ್ತುಗಳಲ್ಲಿ ಒಂದೊಂದಕ್ಕೂ ನೊಗದ ಒಂದೊಂದು ಪಕ್ಕ ರೂಢಿಯಾಗಿರುತ್ತದೆ. ಪಕ್ಕ ಬದಲಿಸಿದರೆ ಎರಡೂ ಗಟ್ಟಿಮುಟ್ಟಾಗಿದ್ದರೂ ನೇಗಿಲು ಮುಂದೆ ಹೋಗದು. ಬೈಟುಗಳ ಸಂಗತಿಯೂ ಹಾಗೆಯೇ: 19 ಎಂಬುದು 91 ಆಗಿರಲಿಲ್ಲ, 85 ಎಂಬುದು 58 ಆಗಿರಲಿಲ್ಲ, ಎರಡು ಎತ್ತುಗಳೂ ಅಂಗಾಂಗ ಸಹಿತ ಕ್ಷೇಮವಾಗಿದ್ದು ನೊಗದಲ್ಲಿ ಮಾತ್ರ ಅದಲುಬದಲಾಗಿದ್ದವು. ದೊಡ್ಡ ಬೆಲೆಯ ಬೈಟನ್ನು ಮೊದಲಿಡುವ ಯಂತ್ರಗಳಿಗೆ ಬಿಗ್ ಎಂಡಿಯನ್ ಎಂದೂ ಸಣ್ಣದನ್ನು ಮೊದಲಿಡುವವಕ್ಕೆ ಲಿಟಲ್ ಎಂಡಿಯನ್ ಎಂದೂ ಹೆಸರು; ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಹೊಡೆದಾಡುವ ಜನರನ್ನು 1726ರಲ್ಲಿ ಸ್ವಿಫ್ಟ್ ಗಲಿವರನ ಯಾತ್ರೆಯಲ್ಲಿ ಸೃಷ್ಟಿಸಿದ್ದನು, 1980ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡ್ಯಾನಿ ಕೊಹೆನ್ ಆ ಹೆಸರುಗಳನ್ನು ಕಂಪ್ಯೂಟರುಗಳಿಗೆ ಅಂಟಿಸಿದರು. ಮೊಟ್ಟೆಯವರೆಗೆ ಹೋಗುವ ಅಗತ್ಯವೇ ಇರಲಿಲ್ಲ. ಇಪ್ಪತ್ತೊಂದು ಎನ್ನುವ ಕನ್ನಡ ದೊಡ್ಡದನ್ನು ಮೊದಲಿಡುತ್ತದೆ, ಏಕವಿಂಶತಿ ಎನ್ನುವ ಸಂಸ್ಕೃತ ಸಣ್ಣದನ್ನು ಮೊದಲಿಡುತ್ತದೆ, ಅಂಕಿಗೊಂದು ಪದವಿಟ್ಟು ಶಕವರ್ಷ ಹೇಳುವ ಶಾಸನಗಳಲ್ಲಿ ಆ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕೆಂಬುದು ಹಳೆಯ ನಿಯಮ. ಒಂದೇ ಮನೆಯಲ್ಲಿ ಎರಡು ಕ್ರಮವನ್ನೂ ಜಗಳವಿಲ್ಲದೆ ಇಟ್ಟುಕೊಂಡ ಪರಂಪರೆಯವನಾಗಿಯೂ ಲೇಖಕನಿಗೆ ಅದು ಹೊಳೆಯಲಿಲ್ಲವೆಂಬುದು ಗಮನಾರ್ಹ. ಅವನ ಲ್ಯಾಪ್‌ಟಾಪು ಲಿಟಲ್, ರೂಟರಿನ ಮಿಪ್ಸ್ ಪ್ರೊಸೆಸರ್ ಬಿಗ್. ಬೇರು ಕಟ್ಟುವ ಆಜ್ಞೆಯಲ್ಲಿ ಬಿ ಎಂಬ ಒಂದಕ್ಷರ ಸೇರಿಸಿದ್ದರೆ ಸಾಕಿತ್ತು.

ಇನ್ನೊಂದು ಸಂಗತಿಯನ್ನು ಅಡಗಿಸುವುದು ವಿದ್ವತ್ತಿಗೆ ತಕ್ಕದ್ದಲ್ಲ. ಅಳಲಿನ ಮಳೆಯ ನಡುನಡುವೆ ಕರ್ನೆಲ್, ಅಂಕ ಹಿಂದುಮುಂದಾಗಿದೆ, ಬೈಟ್ ಕ್ರಮ ತಪ್ಪಿದ ಫೈಲ್‌ಸಿಸ್ಟಮ್ ಇರಬಹುದೇ ಎಂದು ಸಂಜೆಯಿಂದಲೂ ಸ್ಪಷ್ಟವಾಗಿ ಕೇಳುತ್ತಲೇ ಇತ್ತು; ಪ್ರತಿ ಮಾಡಿಕೊಳ್ಳುವಾಗ ಲೇಖಕನು ಆ ಸಾಲುಗಳನ್ನು ಅಪ್ರಸ್ತುತವೆಂದು ಬಿಟ್ಟಿದ್ದನು. ಇಂಥವರಿಗಾಗಿಯೇ ಇರಬೇಕು, ಕರ್ನೆಲ್ ಬರೆದವರು ತಿರುಗಾಮುರುಗಾ ಅಂಕವಾದ 8519ಕ್ಕೆ ಹೆಸರಿಡುವಾಗ ಮೂಲ ಹೆಸರಾದ ಮ್ಯಾಜಿಕ್ ಬಿಟ್‌ಮಾಸ್ಕ್‌ನ ಇಂಗ್ಲಿಷ್ ಅಕ್ಷರಗಳನ್ನೇ ಕೊನೆಯಿಂದ ಮೊದಲಿಗೆ ಬರೆದು ಕ್ಸಾಮ್ಟಿಬ್ ಸಿಗಾಮ್ ಎಂದು ಇಟ್ಟಿದ್ದಾರೆ. ಮಂತ್ರದಂತೆ ಕಾಣುವ ಆ ಹೆಸರು ಇಂದಿಗೂ ಲಿನಕ್ಸಿನ ಮೂಲಪಾಠದಲ್ಲಿದೆ.

ಬಿ ಸೇರಿತು, ಬೇರು ಹತ್ತಿತು, ಹಸಿರು ದೀಪ ಬೆಳಗಿತು. ಬೆಳಗ್ಗೆ ದೊಡ್ಡಪ್ಪನವರು ಡಬ್ಬಿಯ ಮುಂದೆ ಕುಳಿತು ಎತ್ತುಗಳ ಮಾತನ್ನು ತಾವಾಗಿ ಮುಂದುವರಿಸಿದರು. ಮನೆಯಲ್ಲೀಗ ಎತ್ತುಗಳಿಲ್ಲ, ಮಳವಳ್ಳಿಯ ಕಡೆಯ ಹಲವು ಹಳ್ಳಿಗಳಂತೆ ಅವರ ಊರೂ ನಾಲೆಯ ಕೊನೇ ಭಾಗದ್ದು, ನೀರು ಬಾರದ ಒಂದು ವರ್ಷ ಹುಲ್ಲಿಗೂ ಗತಿಯಿಲ್ಲದೆ ಜೋಡಿಯನ್ನು ಕೊಟ್ಟುಬಿಟ್ಟರು, ಕೊಂಡವನು ಅವನ್ನು ಎಲ್ಲಿಗೆ ಹೊಡೆದುಕೊಂಡು ಹೋದನೆಂದು ಅವರು ಕೇಳಲಿಲ್ಲ, ಕೇಳಬಾರದೆಂದೇ ಕೇಳಲಿಲ್ಲ. ನೊಗ ಅಟ್ಟದ ಮೇಲಿದೆ. ಲೇಖಕನು ಆ ಹೊತ್ತಿನಲ್ಲಿ ವೈಫೈಗೆ ಒಂದು ಹೆಸರು ಕೊಡಬೇಕಾಗಿದ್ದು, ಏನಿಡಲಿ ಎಂದು ಕೇಳಿದಾಗ, ಅವರು 'ಬೂದ, ಬೆಳ್ಳ' ಎಂದರು. ಅವನು ಬೆರಳಚ್ಚಿಸುತ್ತಿದ್ದುದನ್ನು ಕನ್ನಡಕ ಏರಿಸಿ ನೋಡಿ, ಹಿಂದಿನ ರಾತ್ರಿಯ ಅನುಭವದಿಂದಲೋ ಏನೋ, 'ಬೂದ ಎಡದ್ದು, ಅದ್ನ ಮೊದ್ಲು ಬರ್ಕೊ' ಎಂದು ಎಚ್ಚರಿಸಿದರು. ಆ ಬೀದಿಯಲ್ಲಿ ಫೋನು ತೆಗೆದವರಿಗೆಲ್ಲ ಈಗ ಪಟ್ಟಿಯ ಮೊದಲಲ್ಲಿ ಬೂದಬೆಳ್ಳ ಕಾಣಿಸುತ್ತದೆ. ಪಾಸ್‌ವರ್ಡ್ ಏನೆಂದು ಪಕ್ಕದ ಮನೆಯ ಹುಡುಗರು ಆಗಲೇ ಎರಡು ಸಲ ಬಂದು ಕೇಳಿ ಹೋಗಿದ್ದಾರೆ.